ಒಂದು ಬಾವಿ, ಹನ್ನೊಂದು ಜೊತೆಗಾತಿಯರು

17 ಜೂನ್ 2001, ಭಾನುವಾರ. ಬೆಳಗ್ಗೆ 7 ಗಂಟೆ 10 ನಿಮಿಷಕ್ಕೆ ಬರೆಯಲು ಕೂತೆ. ನಾಗಪುರದಲ್ಲಿ ಮಳೆ ಇನ್ನೂ ಸರಿಯಾಗಿ ಹಿಡಿದಿಲ್ಲ. ಕೂಲರಿಗೆ ಎರಡೂವರೆ ಬಕೆಟ್ ನೀರು ಹಾಕಿ ಬಂದಿದ್ದೇನೆ.

ನನಗೆ ಎಲ್ಲದರ ಲೆಕ್ಕ ಇಡುವ ಚಟ. ಮೂರನೇ ಕ್ಲಾಸಿನಲ್ಲಿ ಅಪ್ಪನ ಬ್ಯಾಂಕಿನವರು ಹಂಚಿದ ಹೊಸ ವರ್ಷದ ಡೈರಿ ಕೈಗೆ ಸಿಕ್ಕಿತು, ಅಲ್ಲಿಂದ ಶುರು. ಈಗ ಹೇಳಲಿರುವುದು 1996ರಿಂದ 98ರವರೆಗಿನ ಮೂರು ಡೈರಿಗಳಿಂದ ತೆಗೆದದ್ದು. ಆ ಡೈರಿಗಳ ಕೊನೆಯ ಹಾಳೆಯಲ್ಲಿ ಎರಡು ಅಂಕಣಗಳಿವೆ. ಒಂದರ ಮೇಲೆ ‘ಹೂ’ ಎಂದಿದೆ, ಇನ್ನೊಂದರ ಮೇಲೆ ‘ಬಾವಿ’.

3 ಜೂನ್ 1996, ಸೋಮವಾರ ನಾನು ಸಿವಿಲ್ ಲೈನ್ಸಿನ ಒಂದು ಕೇಂದ್ರ ಸರ್ಕಾರಿ ಕಚೇರಿಗೆ ಸೇರಿದೆ. ನೆಲದಡಿಯ ನೀರು ಎಷ್ಟು ಆಳದಲ್ಲಿದೆ ಎಂದು ದಾಖಲಿಸುವುದು ಅಲ್ಲಿನ ಕೆಲಸ. ಅದಕ್ಕಾಗಿ ಹಳ್ಳಿಗಳಲ್ಲಿ ಕೆಲವು ಬಾವಿಗಳನ್ನು ಆರಿಸಿ, ಕಟ್ಟೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿಟ್ಟಿದ್ದಾರೆ. ಜನವರಿ, ಮೇ, ಆಗಸ್ಟ್, ನವೆಂಬರ್, ಹೀಗೆ ವರ್ಷಕ್ಕೆ ನಾಲ್ಕು ಸುತ್ತು. ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಬಳಿದು ಬಾವಿಗೆ ಇಳಿಬಿಡಬೇಕು. ಮೇಲೆಳೆದು, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಕೆಲಸ ಅಷ್ಟೇ. ಕಲಿಯಲು ನನಗೆ ಹತ್ತು ನಿಮಿಷ ಹಿಡಿಯಿತು. ಕಚೇರಿಯ ಹಿತ್ತಲಿನ ನೀರಿನ ಟಾಕಿಯಲ್ಲಿ ಅಭ್ಯಾಸ ಮಾಡಿದ್ದೆ.

ಅದೇ ದಿನ ನನ್ನ ಜೊತೆ ಒಬ್ಬ ಹುಡುಗನೂ ಸೇರಿದ. ಆಯ್ಕೆ ಪಟ್ಟಿಯಲ್ಲಿ ನನಗಿಂತ ಎರಡು ಸ್ಥಾನ ಕೆಳಗಿದ್ದವನು. (ಇದನ್ನು ಹೇಳಬಾರದು. ಆದರೆ ಡೈರಿಯಲ್ಲಿದೆ.) ಆತನನ್ನು ಮೊದಲ ಸುತ್ತಿಗೇ ಜೀಪಿನಲ್ಲಿ ಕಳಿಸಿದರು. ಬಾವಿಯೊಳಗೆ ಇಣುಕಿದರೆ ಆತನಿಗೆ ತಲೆ ತಿರುಗುತ್ತಿತ್ತು. ಹಾಗಾಗಿ ಆತ ಬೆನ್ನು ತಿರುಗಿಸಿ ನಿಂತು ಪೆನ್ನು ಹಿಡಿಯುತ್ತಿದ್ದ, ಟೇಪು ಬಿಡುತ್ತಿದ್ದವರು ಡ್ರೈವರ್. ಇದನ್ನು ನನಗೆ ಹೇಳಿದವರೂ ಡ್ರೈವರೇ.

ನನಗೆ ಸಿಕ್ಕಿದ್ದು ಹೂಗುಚ್ಛದ ಕೆಲಸ. ದೆಹಲಿಯಿಂದಲೋ ಭೋಪಾಲದಿಂದಲೋ ಯಾರಾದರೂ ದೊಡ್ಡ ಅಧಿಕಾರಿ ಬಂದರೆ ಬಾಗಿಲಲ್ಲಿ ನಿಂತು ಹೂ ಕೊಡಬೇಕು, ನಗಬೇಕು. ಒಬ್ಬರು ಸೋಮವಾರ ಬಂದು, ಏನೋ ಮರೆತುಹೋಗಿ ಬುಧವಾರ ಮತ್ತೆ ಬಂದರು. ಎರಡೂ ಸಲ ಕೊಟ್ಟೆ.

ನಮ್ಮ ಮುಖ್ಯಸ್ಥರು, ಅಂದರೆ ಸಾಹೇಬರು, ಲಖನೌ ಕಡೆಯವರು. ಕೆಟ್ಟವರಲ್ಲ. ನನ್ನನ್ನು ‘ಬೇಟಿ’ ಎಂದೇ ಕರೆಯುತ್ತಿದ್ದರು. ತೊಂದರೆ ಇದ್ದದ್ದು ಅಲ್ಲೇ. ಪ್ರತಿ ಸುತ್ತಿಗೂ ಹೋಗಿ ಕೇಳುತ್ತಿದ್ದೆ, ಪ್ರತಿ ಸಲವೂ ಪ್ರೀತಿಯಿಂದ ಒಂದು ಕಾರಣ ಕೊಡುತ್ತಿದ್ದರು. ಆಗಸ್ಟ್ 96: ಕೆಸರು. ನವೆಂಬರ್: ಹೊಲದಲ್ಲಿ ಬೆಳೆ ಎತ್ತರವಾಗಿದೆ, ನೀನು ಕಾಣುವುದಿಲ್ಲ. ಜನವರಿ 97: ಚಳಿ. ಮೇ: ಬಿಸಿಲು. ಆಗಸ್ಟ್: ಮತ್ತೆ ಕೆಸರು. ನವೆಂಬರ್: ಜೀಪಿನ ಹಿಂದಿನ ಬಾಗಿಲು ಸರಿಯಿಲ್ಲ. ಜನವರಿ 98: ಸ್ವಲ್ಪ ತಡಿ ಬೇಟಿ, ಬೇಸಿಗೆ ಬರಲಿ. ಒಟ್ಟು ಏಳು. ಕಚೇರಿಯ ಗಂಡಸರಿಗೆ ಹವಾಮಾನವೇ ಇರಲಿಲ್ಲ.

ಮನೆಯಲ್ಲಿ ಇದನ್ನೆಲ್ಲ ಓದಿ ಹೇಳಿದಾಗ ಅಮ್ಮ ಒಗ್ಗರಣೆ ಸೌಟು ಹಿಡಿದೇ ಆಚೆ ಬಂದಳು. ನಾವು ಮೂಲತಃ ಧಾರವಾಡದ ಕಡೆಯವರು, ನಾನು ಹುಟ್ಟಿ ಬೆಳೆದದ್ದು ನಾಗಪುರದಲ್ಲೇ.

“ಬಾವಿ ಕಡೆ ಹೆಣ್ಮಕ್ಕಳು ಹೋಗಬಾರದಂತ?”

“ಹೂಂನವಾ.”

“ಹಂಗಾದ್ರ ನಮ್ಮವ್ವ ಅರವತ್ತ ವರ್ಷ ಎಲ್ಲಿಗೆ ಹೋಗಿ ನೀರು ತಂದಳು, ಸಿನೆಮಾಕ್ಕ?”

ಅಮ್ಮನಿಗೆ ನಗು, ನನಗೆ ಹೆದರಿಕೆ. ಯಾಕೆಂದರೆ ನಮ್ಮದು ಎರಡು ವರ್ಷದ ಪ್ರೊಬೇಷನ್. ಕಾಯಂ ಆಗಬೇಕಾದರೆ ಸ್ವಂತ ಕೈಯಿಂದ ಮೂವತ್ತು ಬಾವಿ ಅಳೆದಿರಬೇಕು, ಅಳತೆ ಪುಸ್ತಕದಲ್ಲಿ ಸಾಹೇಬರ ಸಹಿ ಇರಬೇಕು. ಇಲ್ಲದಿದ್ದರೆ ಕೆಲಸದಿಂದ ತೆಗೆಯುತ್ತಾರೆ. ನನ್ನ ಎರಡು ವರ್ಷ ಮುಗಿಯುವುದು 2 ಜೂನ್ 1998ಕ್ಕೆ. ಮಾರ್ಚ್ ಕೊನೆಯಲ್ಲಿ ಡೈರಿಯ ಅಂಕಣಗಳು ಹೀಗಿದ್ದವು: ಹೂ 19, ಬಾವಿ 0.

6 ಏಪ್ರಿಲ್, ಸೋಮವಾರ ಮೇಲಿನ ಕಚೇರಿಯಿಂದ ಪತ್ರ ಬಂತು. ಈ ನೌಕರಳ ಬಾವಿಗಳ ಸಂಖ್ಯೆ ಸೊನ್ನೆ ಇರುವುದೇಕೆ? ಮೇ 29ರೊಳಗೆ ಪುಸ್ತಕ ಕಳುಹಿಸಿ. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ಮೂವತ್ತು ಅಂತ ಸುಮ್ಮನೆ ಬರೆದು ಸಹಿ ಮಾಡೋಣ ಅಂದರೆ ನನ್ನ ಕೈ ಬರಲ್ಲ, ಬೇಟಿ. ಸುಳ್ಳಿಗೆ ನಾನು ಸಹಿ ಮಾಡಲ್ಲ.”

“ಸುಳ್ಳು ಬೇಡ ಸರ್. ಕಳಿಸಿ, ಸಾಕು.”

“ಒಬ್ಬಳೇ? ನಿಯಮ ಇದೆಯಲ್ಲ! ಲೇಡೀಸ್ ಹೋದರೆ ಜೊತೆಗೆ ಇನ್ನೊಬ್ಬ ಲೇಡೀಸ್ ಇರಬೇಕು.”

ಕಚೇರಿಯಲ್ಲಿ ಇನ್ನೊಬ್ಬ ಹೆಂಗಸೆಂದರೆ ಟೈಪಿಸ್ಟ್. ಐವತ್ತನಾಲ್ಕು ವರ್ಷದ ಮರಾಠಿ ಹೆಂಗಸು, ಎಲ್ಲರಿಗೂ ಕಾಕು, ಅಂದರೆ ಚಿಕ್ಕಮ್ಮ. ಇಪ್ಪತ್ತೊಂಬತ್ತು ವರ್ಷದಿಂದ ಪ್ರತಿ ಸುತ್ತಿನ ಆಳಗಳನ್ನೆಲ್ಲ ಟೈಪ್ ಮಾಡುತ್ತಿದ್ದವರು ಅವರೇ. ಒಂದು ಬಾವಿಯನ್ನೂ ಕಂಡವರಲ್ಲ. ಆದೇಶ ಹೊರಟಿತು: ‘ಮಹಿಳಾ ಸಂಗಾತಿ’ಯಾಗಿ ಕಾಕು ಹೋಗತಕ್ಕದ್ದು.

ಕಾಕು ಆದೇಶ ಓದಿ (ಟೈಪ್ ಮಾಡಿದವರೂ ಅವರೇ) ಸಾಹೇಬರ ಬಾಗಿಲಿಗೆ ಹೋದರು.

“ಸರ್, ನಾನೂ ಲೇಡೀಸೇ ಅಲ್ಲವಾ?”

“ಹೌದು.”

“ಹಾಗಾದರೆ ನನ್ನ ಜೊತೆ ಯಾರು?”

ಸಾಹೇಬರು ಇದನ್ನು ಯೋಚಿಸಿರಲಿಲ್ಲ. ಹೆಂಗಸಿಗೆ ಹೆಂಗಸು ಜೊತೆ, ಆ ಹೆಂಗಸಿಗೆ ಇನ್ನೊಂದು ಹೆಂಗಸು, ಹೀಗೇ ಹೋದರೆ ಜೀಪು ಎಲ್ಲಿ ಸಾಲುತ್ತದೆ? ಅರ್ಧ ಗಂಟೆ ಚರ್ಚೆಯಾಗಿ, ಕಾಕುವಿನ ಜೊತೆಗೆ ಕಾಕುವಿನ ಗಂಡ ಎಂದು ತೀರ್ಮಾನವಾಯಿತು. ಕಾಕಾ ರೈಲ್ವೆಯಿಂದ ನಿವೃತ್ತರಾಗಿ ಮನೆಯಲ್ಲಿ ಬೇಸರದಿಂದಿದ್ದರು. ಮಾರನೇ ದಿನವೇ ಹೊಸ ಟೋಪಿ ಕೊಂಡರು.

ಮೇ 11ರಿಂದ 22ರವರೆಗೆ, ನಡುವಿನ ಒಂದು ಶನಿವಾರ, ಒಂದು ಭಾನುವಾರ ಬಿಟ್ಟು, ಹತ್ತು ದಿನ ಜೀಪು ನಮ್ಮದು. ಮುಂದಿನ ಸೀಟಿನಲ್ಲಿ ಕಾಕಾ, ಗಂಡಸು ಎಂಬ ಕಾರಣಕ್ಕೆ. ಹಿಂದೆ ಕಾಕು, ನಾನು, ಟೇಪು, ಎರಡು ಕೊಡೆ, ನೀರಿನ ಕ್ಯಾನು, ಏಳು ಡಬ್ಬಿಗಳ ತಿಂಡಿ. ಮೊದಲ ದಿನ ಕನ್ಹಾನ್ ಕಡೆ ಹೊರಟೆವು. ಗುರಿ 6 ಬಾವಿ, ಆದದ್ದು 2. ಕಾರಣಗಳು: ಕಾಕುವಿನ ಮೌಶಿ, ಅಂದರೆ ತಾಯಿಯ ತಂಗಿಯ ಮನೆ (1 ಗಂಟೆ 35 ನಿಮಿಷ), ಕಾಕಾ ಹಳೆಯ ಸ್ಟೇಷನ್ ಮಾಸ್ತರರನ್ನು ಮಾತಾಡಿಸಿದ್ದು (50 ನಿಮಿಷ), ಕಾಕುವಿಗೆ ಜೀಪಿನಲ್ಲಿ ಹೊಟ್ಟೆ ತೊಳೆಸಿದ್ದು (4 ಸಲ).

ಆದರೆ ಮೊದಲ ಬಾವಿಯ ಕಟ್ಟೆಗೆ ಕೈಯಿಟ್ಟು ಕಾಕು ನಿಂತ ರೀತಿ ನನಗೆ ಮರೆಯುವುದಿಲ್ಲ. ಕೆಂಪು ಗುರುತಿನ ಪಕ್ಕದ ನಂಬರು ಓದಿ, ಬಾವಿಯೊಳಗೆ ಬಗ್ಗಿ, “ಅಗಂ ಬಾಯೀ, ಅದು ನೀನೇನಾ!” ಎಂದರು. ಬಾವಿಯೂ ಅದನ್ನೇ ತಿರುಗಿ ಹೇಳಿತು. ಆಮೇಲೆ ಪ್ರತಿ ಬಾವಿಯನ್ನೂ ಹಾಗೇ ಮಾತಾಡಿಸುತ್ತಿದ್ದರು. “ನೀನು ಪ್ರತಿ ಮೇನಲ್ಲೂ ಒಂಬತ್ತಕ್ಕೆ ಇಳೀತೀಯ, ಗೊತ್ತು ನನಗೆ.” ಟೇಪು ಎಳೆದು ನೋಡಿದರೆ ಒಂಬತ್ತೇ ಇರುತ್ತಿತ್ತು.

ಟೇಪು ನಾನೇ ಬಿಟ್ಟೆ, ನಾನೇ ಓದಿದೆ, ನಾನೇ ಬರೆದೆ. ಡ್ರೈವರ್ ಮೊದಲೆರಡು ದಿನ ಅಭ್ಯಾಸಬಲದಿಂದ ಕೈ ಚಾಚುತ್ತಿದ್ದರು, ಮೂರನೇ ದಿನದಿಂದ ಬೇವಿನ ನೆರಳು ಹುಡುಕಿ ಮಲಗಿದರು. “ಎರಡು ವರ್ಷದಲ್ಲಿ ಇದೇ ಮೊದಲ ಸಲ ನನಗೆ ವಿಶ್ರಾಂತಿ, ಮ್ಯಾಡಂ” ಎಂದರು.

22 ಮೇ, ಶುಕ್ರವಾರ, ಕೊನೆಯ ದಿನ. ಹನ್ನೊಂದು ಗಂಟೆಗೆ ಅಂಕಣದಲ್ಲಿ ಬಾವಿ 29. ಉಳಿದದ್ದು ಒಂದೇ. ಅದು ಸಾವನೇರಿನಿಂದ ಒಳಗೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ, ಒಬ್ಬರ ಮನೆಯ ಅಂಗಳದಲ್ಲಿತ್ತು. 11 ಗಂಟೆ 40ಕ್ಕೆ ಜೀಪು ನಿಂತಿತು.

ಅಂಗಳಕ್ಕೆ ಸಗಣಿ ಸಾರಿಸಿ ರಂಗೋಲಿ ಹಾಕಿದ್ದರು. ಯಜಮಾನರು ಗರಿಗರಿ ಧೋತರ ಉಟ್ಟು ಓಡಿಬಂದು, ಮೊದಲು ಇಳಿದ ಕಾಕಾರ ಎರಡೂ ಕೈ ಹಿಡಿದುಕೊಂಡರು. “ಯಾ ಯಾ, ಬನ್ನಿ, ಬರೋಬರ್ ಟೈಮಿಗೆ ಬಂದಿರಿ!” ಸರ್ಕಾರಿ ಜೀಪಿಗೆ ಇಷ್ಟು ಮರ್ಯಾದೆಯನ್ನು ಹತ್ತು ದಿನಗಳಲ್ಲಿ ಎಲ್ಲೂ ಕಂಡಿರಲಿಲ್ಲ. ಕಾಕಾಗೆ ಅದು ಸಹಜವೆಂದೇ ಅನ್ನಿಸಿತು. ಟೋಪಿ ಸರಿಮಾಡಿಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು.

“ನಮಗೆ ಮೊದಲು ಬಾವಿ ನೋಡಬೇಕು,” ಎಂದೆ ನಾನು.

ಯಜಮಾನರು ಹೆಂಡತಿಯ ಕಡೆ ತಿರುಗಿದರು. “ನೋಡಿದೆಯಾ? ಶಹರದ ಜನ ಅಂದರೆ ಹೀಗಿರಬೇಕು. ಮೊದಲು ನೀರು, ಆಮೇಲೆ ಮಾತು.”

“ಪೋಹೆ ಆರಿಹೋಗತ್ತೆ, ತಿಂದು ನೋಡಲಿ,” ಎಂದರು ಆಕೆ. ತಟ್ಟೆಗಳು ಬಂದೇಬಿಟ್ಟವು, ಈರುಳ್ಳಿ ಅವಲಕ್ಕಿ, ಮೇಲೆ ಕಾಯಿತುರಿ. ಈರುಳ್ಳಿ ಅವಲಕ್ಕಿ ಯಾವ ಸಂದರ್ಭದಲ್ಲಿ ಕೊಡುತ್ತಾರೆಂದು ಮರಾಠಿ ದೇಶದಲ್ಲಿ ಹುಟ್ಟಿ ಬೆಳೆದ ನಮ್ಮ ಮೂವರಿಗೂ ಆ ಕ್ಷಣ ಹೊಳೆಯಲಿಲ್ಲ. ಹಸಿವಾಗಿತ್ತು.

ಇಸ್ತ್ರಿ ಅಂಗಿಯ ಯುವಕನೊಬ್ಬ ನೀರಿನ ಲೋಟ ತಂದಿಟ್ಟು, ನನ್ನನ್ನು ನೋಡದೆ, ಗೋಡೆಯನ್ನು ನೋಡುತ್ತ ನಿಂತ.

“ಇವನೇ ನಮ್ಮ ಮಗ. ಕಲ್ಲಿದ್ದಲ ಗಣಿಯ ವರ್ಕ್‌ಶಾಪಿನಲ್ಲಿದ್ದಾನೆ,” ಎಂದರು ಯಜಮಾನರು.

“ಪರ್ಮನೆಂಟಾ?” ಕಾಕಾ ಕೇಳಿದರು. ನಿವೃತ್ತರಾದವರು ಯಾರನ್ನು ಕಂಡರೂ ಇದನ್ನು ಕೇಳುತ್ತಾರೆ.

“ಹೌದು ಹೌದು, ಪರ್ಮನೆಂಟ್. ಮಗಳೂ ನೌಕರಿ ಮಾಡ್ತಾಳೇನು?”

“ಮಾಡ್ತಾಳೆ. ಆದರೆ ಇನ್ನೂ ಪರ್ಮನೆಂಟ್ ಆಗಿಲ್ಲ,” ಎಂದು ಕಾಕು ನನ್ನ ಬೆನ್ನು ಸವರಿದರು. “ಎರಡು ವರ್ಷದಿಂದ ಕಾಯ್ತಿದೆ ಪಾಪದ ಹುಡುಗಿ. ಇಪ್ಪತ್ತೊಂಬತ್ತು ನೋಡಿ ಆಯಿತು. ನಿಮ್ಮದೊಂದು ಆಗಿಬಿಟ್ಟರೆ ಎಲ್ಲಾ ಪಕ್ಕಾ.”

ಮನೆಯವರು ಮುಖ ಮುಖ ನೋಡಿಕೊಂಡರು. “ಇಪ್ಪತ್ತೊಂಬತ್ತು!” ಎಂದರು ಯಜಮಾನರ ಹೆಂಡತಿ, ಮೆಲ್ಲಗೆ.

“ಒಂದೂ ಸರಿಬರಲಿಲ್ಲವಾ?” ಯಜಮಾನರು ಕೇಳಿದರು.

“ಛೆ, ಎಲ್ಲಾ ಚೆನ್ನಾಗೇ ಇದ್ದವು,” ಎಂದೆ. “ಆದರೆ ಮೂವತ್ತು ಆಗಲೇಬೇಕು ಅಂತ ನಿಯಮ.”

ಯುವಕ ಮೊದಲ ಸಲ ಗೋಡೆ ಬಿಟ್ಟು ನನ್ನನ್ನು ನೋಡಿದ.

ಬಾವಿಗೆ ಹೋದೆವು. ನಾನು ಟೇಪಿಗೆ ಸೀಮೆಸುಣ್ಣ ಬಳಿಯುವುದನ್ನು ಕಂಡು, ಇದೇನೋ ಪೂಜೆಯೆಂದು ಯಜಮಾನರ ಹೆಂಡತಿ ಅರಿಶಿನ ಕುಂಕುಮದ ತಟ್ಟೆ ತಂದರು. ಕಾಕು ಬಾವಿಗೆ ಕುಂಕುಮ ಹಚ್ಚಿದರು. ನಾನು ಟೇಪು ಬಿಟ್ಟು ಎಳೆದೆ. 7 ಮೀಟರ್ 10. ಜನವರಿಯಲ್ಲಿ 8.20 ಇತ್ತು. ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ನೀರು ಮೇಲೆ!

“ಸಾಧ್ಯವೇ ಇಲ್ಲ,” ಎಂದರು ಕಾಕು. “ಇದು ಮೇನಲ್ಲಿ ಹತ್ತಕ್ಕಿಂತ ಮೇಲೆ ಬಂದದ್ದೇ ಇಲ್ಲ. ನನ್ನ ಬೆರಳಿಗೆ ಗೊತ್ತು.”

ಮತ್ತೆ ಬಿಟ್ಟೆ. 7.10. ಮೂರನೇ ಸಲ, 7.10. ಯಜಮಾನರು ಹೆಮ್ಮೆಯಿಂದ ಮೀಸೆ ತಿರುವುತ್ತ ಒಳಗೆ ಹೋದರು. ಆಗ ಕಟ್ಟೆಯ ಆ ಕಡೆ ಪಾತ್ರೆ ತಿಕ್ಕುತ್ತಿದ್ದ ಆ ಮನೆಯ ಅಜ್ಜಿ ನನ್ನನ್ನು ಕೈಸನ್ನೆಯಲ್ಲಿ ಕರೆದಳು.

“ನಿನ್ನ ಅಳತೆ ಪಟ್ಟಿ ಸರಿಯಾಗೇ ಇದೆ, ಪೋರಿ. ಬಾವಿನೇ ಸುಳ್ಳು ಹೇಳ್ತಿದೆ. ನಿನ್ನೆ ಎರಡು ಟ್ಯಾಂಕರ್ ನೀರು ಸುರಿಸಿದ ನನ್ನ ಮಗ, ನೀವು ಬರ್ತೀರಿ ಅಂತ. ಮದುವೆ ಆದಮೇಲೆ ಗೊತ್ತಾಗಿ ನೀನು ಅಳೋದಕ್ಕಿಂತ ಈಗಲೇ ಹೇಳ್ತೀನಿ. ಸೊಸೆಗೆ ನಾನು ಮೋಸ ಮಾಡಲ್ಲ.”

“ಯಾವ ಮದುವೆ?” ಎಂದೆ.

ಅಷ್ಟರಲ್ಲಿ ಬೀದಿಯಲ್ಲಿ ಒಂದು ಮೆಟಡೋರ್ ಬಂದು ನಿಂತಿತು. ಹಿಂದಿನಿಂದ ಒಂಬತ್ತು ಜನ ಇಳಿದರು. ಅವರ ನಡುವೆ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತ ಒಬ್ಬ ಹುಡುಗಿ. ಹುಡುಗನ ಮನೆ, ಬಾವಿ ನೋಡಲು ನಾಗಪುರದಿಂದ ಬರಬೇಕಿದ್ದ ನಿಜವಾದ ಬೀಗರು. ಮರಾಠಿಗರು ಹೆಣ್ಣು ಗಂಡು ನೋಡುವ ದಿನ ಕೊಡುವುದೇ ಈರುಳ್ಳಿ ಅವಲಕ್ಕಿ. ಅವರಿಗೆ ಮೊದಲು ಕಂಡದ್ದು ಮೂರನೇ ತಟ್ಟೆ ಅವಲಕ್ಕಿ ತಿನ್ನುತ್ತಿದ್ದ ಕಾಕಾ.

“ಇವರು ಯಾರು?” ಎಂದರು ಹುಡುಗಿಯ ಸೋದರಮಾವ.

“ಹುಡುಗಿ ಕಡೆಯವರು,” ಎಂದರು ಯಜಮಾನರು, ಇನ್ನೂ ಏನೂ ಅರ್ಥವಾಗದೆ.

“ಹಾಗಾದರೆ ನಾವು ಯಾರು?”

ಮುಂದಿನ ಇಪ್ಪತ್ತು ನಿಮಿಷದ ವಿವರ ಡೈರಿಯಲ್ಲಿಲ್ಲ. ಬರೆಯುವ ಸ್ಥಿತಿಯಲ್ಲಿ ನಾನಿರಲಿಲ್ಲ. ಒಂದು ಮಾತ್ರ ನೆನಪಿದೆ: ಜೀಪು ಹೊರಟಾಗ ಕಾಕಾ ಹೊರಗೆ ತಲೆಹಾಕಿ, “ಹುಡುಗ ಚಲೋ ಇದ್ದಾನೆ, ಬಿಡಬೇಡಿ!” ಎಂದು ಎದುರು ಪಾರ್ಟಿಗೆ ಕೂಗಿದರು.

ಸಾವನೇರ್ ದಾಟುವವರೆಗೂ ಕಾಕು ನಕ್ಕರು. ನನಗೆ ನಗು ಬರಲಿಲ್ಲ. ಹೊರಗಿನ ನೀರು ಬಿದ್ದ ಬಾವಿಯ ಅಳತೆ ಲೆಕ್ಕಕ್ಕಿಲ್ಲ. ನೀರು ತನ್ನ ಮಟ್ಟಕ್ಕೆ ಇಳಿದಮೇಲೆ ಮತ್ತೆ ಅಳೆಯಬೇಕು, ಅದು ಪುಸ್ತಕದ ಮೊದಲ ಪುಟದಲ್ಲೇ ಇದೆ. 7.10 ಎಂದು ಬರೆದು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಟೈಪ್ ಮಾಡುವವರು ಕಾಕು. ಹೊಡೆದುಹಾಕಿದೆ. ಬಾವಿ 29.

ಸೋಮವಾರ ಸಾಹೇಬರ ಮುಂದೆ ನಿಂತೆ. “ಇನ್ನೊಂದೇ ಒಂದು ಸರ್.”

“ಜೀಪು ಇಲ್ಲ ಬೇಟಿ, ಇನ್ನು ನನ್ನ ಸುತ್ತಾಟಕ್ಕೆ ಬೇಕು. ಕಾಕುವಿಗೆ ಬಿಸಿಲು ತಾಗಿ ಜ್ವರ. ಜೀಪೂ ಇಲ್ಲ, ಲೇಡೀಸೂ ಇಲ್ಲ, ನಾನೇನು ಮಾಡಲಿ? ಆಗಸ್ಟಿನಲ್ಲಿ ನೋಡೋಣ.”

“ಆಗಸ್ಟಿನಲ್ಲಿ ನಾನು ಇಲ್ಲಿರಲ್ಲ ಸರ್.”

ಅವರು ನಿಜವಾಗಿಯೂ ಬೇಜಾರು ಮಾಡಿಕೊಂಡರು. ನನಗೆ ಚಹಾ ತರಿಸಿದರು.

26 ಮೇ, ಮಂಗಳವಾರ. ಒಂದು ದಿನ ರಜೆ ಹಾಕಿದೆ. ಕಾರಣ: ಸ್ವಂತ ಕೆಲಸ. ಟೇಪು, ಸೀಮೆಸುಣ್ಣ, ಅಳತೆ ಪುಸ್ತಕ, ಎಲ್ಲವನ್ನೂ ಅಮ್ಮ ಕಾಯಿಪಲ್ಲೆ ಚೀಲದಲ್ಲಿಟ್ಟು ಮೇಲೆ ಕೊತ್ತಂಬರಿ ಹೊದಿಸಿದಳು.

“ಕೊತ್ತಂಬರಿ ಯಾಕವಾ?”

“ಯಾರರ ಕೇಳಿದ್ರ ಸಂತಿಗೆ ಹೊಂಟೀನಿ ಅನ್ನು. ಸಂತಿಗೆ ಹೋಗೋ ಹೆಣ್ಣಿಗೆ ಯಾರೂ ಜೋಡಿ ಕೇಳಂಗಿಲ್ಲ.”

ಸರ್ಕಾರಿ ಬಸ್ಸಿನಲ್ಲಿ ಸಾವನೇರು, ಅಲ್ಲಿಂದ ಹಂಚಿಕೊಂಡು ಕೂರುವ ಆಟೋ, ಆಮೇಲೆ ಇಪ್ಪತ್ತೈದು ನಿಮಿಷ ನಡಿಗೆ. 8 ಗಂಟೆ 50ಕ್ಕೆ ಆ ಅಂಗಳದಲ್ಲಿದ್ದೆ. ಬೆಳಗಿನ ನೀರಿನ ಹೊತ್ತು. ಕಟ್ಟೆಯ ಸುತ್ತ ಓಣಿಯ ಹೆಂಗಸರು, ಕೊಡ, ಹಗ್ಗ, ಜಗಳ. ನನ್ನನ್ನು ಕಂಡದ್ದೇ ಅಜ್ಜಿ, “ಬಂದಳು ನೋಡ್ರೇ, ಮೂವತ್ತನೆಯವಳು!” ಎಂದು ಕೂಗಿದಳು. ಎಲ್ಲರಿಗೂ ಕಥೆ ಗೊತ್ತಿತ್ತು.

“ಗಂಡು ಆಗಲೇ ಹೋಯಿತು, ಬಾಯಿ,” ಎಂದಳು ಒಬ್ಬಳು. “ಜೀಪಿನಲ್ಲಿ ಬಂದವರು ಇಷ್ಟಪಟ್ಟ ಹುಡುಗ ಅಂತ ಮೆಟಡೋರಿನವರು ಅಲ್ಲೇ ಹೂಂ ಅಂದರು!”

“ಗಂಡು ಬೇಡ, ಬಾವಿ ಸಾಕು,” ಎಂದೆ. ಅಷ್ಟು ಜನ ಒಟ್ಟಿಗೆ ನಕ್ಕಿದ್ದನ್ನು ನಾನು ಕಂಡಿಲ್ಲ.

ಹತ್ತು ನಿಮಿಷ ಯಾರೂ ಕೊಡ ಇಳಿಸದೆ ನಿಂತರು. ಟ್ಯಾಂಕರಿನ ನೀರು ಪೂರ್ತಿ ಹೋಯಿತೇ ಎಂದು ಕೇಳಿದೆ. ಅಜ್ಜಿ ತನ್ನ ಹಗ್ಗದ ಗಂಟು ತೋರಿಸಿದಳು: ಟ್ಯಾಂಕರಿಗೆ ಮುಂಚೆ ಈ ಗಂಟಿನವರೆಗೆ ಹೋಗುತ್ತಿತ್ತು, ಇವತ್ತೂ ಅಲ್ಲಿಗೇ ಹೋಗಿದೆ. ಟೇಪು ಬಿಟ್ಟೆ. 10.65.

ಆಗ ನನಗೆ ಒಂದು ವಿಷಯ ಹೊಳೆಯಿತು. ಅಳತೆ ಪುಸ್ತಕದಲ್ಲಿ ನನಗೋಸ್ಕರ ಹೊಸದಾಗಿ ಗೆರೆ ಎಳೆದ ಒಂದು ಅಂಕಣವಿತ್ತು, ‘ಮಹಿಳಾ ಸಂಗಾತಿ’. ಇಪ್ಪತ್ತೊಂಬತ್ತು ಕಡೆ ಕಾಕು ಸಹಿ ಮಾಡಿದ್ದರು. ಮೂವತ್ತನೆಯದು ಖಾಲಿ. ಪುಸ್ತಕ ಕಟ್ಟೆಯ ಮೇಲಿಟ್ಟೆ. ನಾಲ್ವರು ಸಹಿ ಮಾಡಿದರು, ಏಳು ಜನ ಹೆಬ್ಬೆಟ್ಟು ಒತ್ತಿದರು. ಶಾಯಿ ಇರಲಿಲ್ಲ, ಸೊಸೆಯೊಬ್ಬಳು ಕುಂಕುಮದ ಡಬ್ಬಿ ತಂದಳು. ಅಂಕಣದಲ್ಲಿ ಜಾಗ ಸಾಲದೆ ಪಕ್ಕದ ‘ಷರಾ’ಕ್ಕೂ ಹರಡಿತು.

ಬುಧವಾರ ಸಾಹೇಬರು ಪುಸ್ತಕ ತೆರೆದು ಮೂವತ್ತನೇ ಸಾಲಿನ ತಾರೀಖು ಓದಿದರು.

“ನೀನು ನಿನ್ನೆ ರಜೆಯಲ್ಲಿದ್ದೆ.”

“ಹೌದು ಸರ್.”

“ಒಬ್ಬಳೇ ಹೋಗಿದ್ದೆಯಾ?”

“ಸಂಗಾತಿಯರ ಅಂಕಣ ನೋಡಿ ಸರ್.”

ಬೆರಳಿಟ್ಟು ಎಣಿಸಿದರು. “ಹನ್ನೊಂದು! ಹನ್ನೊಂದು ಲೇಡೀಸ್! ಬಸ್ಸಿನಲ್ಲಿ ಎಲ್ಲರಿಗೂ ಜಾಗ ಸಿಕ್ಕಿತಾ?”

“ಅವರು ಅಲ್ಲೇ ಇದ್ದರು ಸರ್.”

“ಅಲ್ಲೇ ಅಂದರೆ?”

“ಬಾವಿಯ ಹತ್ತಿರ. ನೀರಿಗೆ ಬರ್ತಾರೆ. ದಿನಾ. ಎಲ್ಲಾ ಬಾವಿಯಲ್ಲೂ.”

ಸಾಹೇಬರು ಕನ್ನಡಕ ತೆಗೆದರು. ಒರೆಸಲಿಲ್ಲ, ಸುಮ್ಮನೆ ಹಿಡಿದುಕೊಂಡರು. “ಅಂದರೆ ಎರಡು ವರ್ಷ ನಾನು…” ಎಂದರು. ಜ್ವರದಿಂದೆದ್ದು ಬಂದ ಕಾಕು ಟೈಪ್ ಬಿಟ್ಟು ಬಾಗಿಲಾಚೆಯಿಂದ ಇಣುಕುತ್ತಿದ್ದರು. ಆಮೇಲೆ ಅವರು ನನ್ನ ರಜೆ ಅರ್ಜಿಯನ್ನು ಹರಿದರು, ಪುಸ್ತಕಕ್ಕೆ ಸಹಿ ಮಾಡಿದರು, ಕುಂಕುಮ ಅಂಟಿದ ಬೆರಳನ್ನು ಕರವಸ್ತ್ರಕ್ಕೆ ಒರೆಸಿದರು. 29ರ ಟಪಾಲಿನಲ್ಲಿ ಪುಸ್ತಕ ಹೋಯಿತು. ಜೂನ್ 3ರಿಂದ ನಾನು ಕಾಯಂ.

ಜುಲೈಯಲ್ಲಿ ಸಾಹೇಬರು ಹೊಸ ಆದೇಶ ಹೊರಡಿಸಿದರು. ಕಾಕು ಟೈಪ್ ಮಾಡುತ್ತ ಎರಡು ಸಲ ನಗು ತಡೆಯಲಾರದೆ ಕಾಗದ ಬದಲಿಸಿದರು. ‘ಮಹಿಳಾ ಸಂಗಾತಿಯರು ಸ್ಥಳದಲ್ಲೇ ಲಭ್ಯವಿರುವಲ್ಲಿ ಕಚೇರಿಯಿಂದ ಒಯ್ಯುವ ಅಗತ್ಯವಿಲ್ಲ.’ ಕಾಕು ಮಾತ್ರ ಈಗಲೂ ವರ್ಷಕ್ಕೊಂದು ಸುತ್ತು ಬಂದೇ ಬರುತ್ತಾರೆ, ಬಾವಿಗಳನ್ನು ಮಾತಾಡಿಸಲು. ಕಾಕಾರನ್ನು ಮನೆಯಲ್ಲಿ ಬಿಟ್ಟು.

ಇವತ್ತಿನ ಲೆಕ್ಕ: ಹೂ 23, ಬಾವಿ 414.

ಒಂದು ಕೆಲಸ ಬಾಕಿಯಿದೆ. ಹೆಂಗಸು ಕ್ಷೇತ್ರಕಾರ್ಯಕ್ಕೆ ಹೋದರೆ ಇನ್ನೊಬ್ಬ ಹೆಂಗಸು ಜೊತೆಗಿರಬೇಕೆಂಬ ಆ ನಿಯಮ ಎಲ್ಲಿದೆ ಎಂದು ಈ ಮೂರು ವರ್ಷಗಳಲ್ಲಿ 61 ಕಡತ ತೆಗೆದು ನೋಡಿದ್ದೇನೆ. ಎಲ್ಲೂ ಇಲ್ಲ. ಸಾಹೇಬರನ್ನು ಕೇಳಿದರೆ, ಅವರ ಹಿಂದಿನ ಸಾಹೇಬರು ಹೇಳಿದ್ದರಂತೆ. ಅವರನ್ನು ಪತ್ರ ಬರೆದು ಕೇಳಿದೆ, ಅವರಿಗೂ ಯಾರೋ ಹೇಳಿದ್ದಂತೆ. ನಿಮ್ಮಲ್ಲಿ ಯಾರಾದರೂ ಇಂಥ ಕಚೇರಿಯಲ್ಲಿ ಇದ್ದವರಾದರೆ, ಅಥವಾ ನಿಮ್ಮ ಅಕ್ಕ, ಅತ್ತೆ, ಚಿಕ್ಕಮ್ಮ ಇದ್ದರೆ, ಆ ನಿಯಮದ ಕಾಗದವನ್ನು ಕಣ್ಣಾರೆ ಕಂಡಿದ್ದರೆ, ದಯವಿಟ್ಟು ನನಗೆ ಬರೆಯಿರಿ. ಆದೇಶದ ಸಂಖ್ಯೆ ಮತ್ತು ತಾರೀಖು ಸಹಿತ.